ಗ್ವಾಡಿ ಪಾಲು

‘ಒಂದು ಕೊಂಡರೆ ಒಂದು ಫ್ರೀ’ ಎಂದು ಬರೆದ ಚೀಟಿ ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ವಿದ್ಯಾನಗರದಲ್ಲಿ ನಮ್ಮ ಮನೆಗೆ ಕೂಗಳತೆಯಲ್ಲಿ ಈಗೊಂದು ದೊಡ್ಡ ಅಂಗಡಿಯಾಗಿದೆ. ಒಳಗೆ ಕಾಲಿಟ್ಟರೆ ತಣ್ಣಗಿರುತ್ತದೆ, ಗಾಲಿಯ ಬುಟ್ಟಿ ತಳ್ಳಿಕೊಂಡು ಎಷ್ಟು ಹೊತ್ತಾದರೂ ಅಡ್ಡಾಡಬಹುದು, ಯಾರೂ ಏನೂ ಕೇಳುವುದಿಲ್ಲ. ಪಾತ್ರೆ ತಿಕ್ಕುವ ಸಾಬೂನಿರಲಿ, ಶಾವಿಗೆಯಿರಲಿ, ಒಂದರ ಬೆನ್ನಿಗೆ ಇನ್ನೊಂದನ್ನು ಟೇಪು ಹಚ್ಚಿ ಕಟ್ಟಿಟ್ಟಿರುತ್ತಾರೆ. ಸಿಟ್ಟು ಬಂದರೂ ತಗೊಂಡೇ ಬರುತ್ತೇನೆ. ಸೋವಿ ಸಿಕ್ಕಿದ್ದನ್ನು ಬಿಟ್ಟು ಬರುವ ಜಾಯಮಾನ ನನ್ನದಲ್ಲ. ಮನೆಗೆ ಬಂದು ಟೇಪು ಬಿಚ್ಚುತ್ತೇನೆ. ಒಂದು ಕಪಾಟಿನ ಎಡಕ್ಕೆ, ಇನ್ನೊಂದು ಬಲಕ್ಕೆ. ಎಡಗಡೆಯದು ಖರ್ಚಾಗುತ್ತದೆ. ಬಲಗಡೆಯದು ಪಕ್ಕದ ಮನೆಯವಳ ಪಾಲು, ಹಾಗೇ ಕೂತಿರುತ್ತದೆ. ಪಕ್ಕದ ಮನೆಯವಳು ಆ ಮನೆ ಬಿಟ್ಟು ಧಾರವಾಡದ ಕಡೆ ಹೋಗಿ ಎಷ್ಟೋ ಕಾಲವಾಯಿತು.

“ಏನ, ಕಿರಾಣಿ ಅಂಗಡಿ ಇಡಾಕಿ ಏನ ನೀ?” ಎಂದು ನನ್ನ ಗಂಡ ಕಪಾಟು ತೆರೆದಾಗಲೆಲ್ಲ ಕೇಳುತ್ತಾರೆ.

“ಬಲಕ್ಕ ಕೈ ಹಾಕಬ್ಯಾಡ್ರಿ,” ಎನ್ನುತ್ತೇನೆ. ಅವರು ಕೈ ಹಾಕುವುದಿಲ್ಲ. ಅವರಿಗೂ ಗೊತ್ತು.

ನಮ್ಮದು ಒಬ್ಬರೇ ಮಾಲೀಕರ ಸಾಲುಮನೆ. ರಸ್ತೆಯಿಂದ ನೋಡಿದರೆ ಪ್ರತಿಯೊಬ್ಬರ ಬಾಗಿಲೂ ಬೇರೆ, ಬಾಗಿಲಿಗೆ ಹಚ್ಚಿದ ಬಣ್ಣವೂ ಬೇರೆ. ಹಿತ್ತಲಿಗೆ ಬಂದರೆ ಮಾತ್ರ ನಡುವೆ ಎದೆಮಟ್ಟದ ಮೋಟುಗೋಡೆಗಳು, ಅಷ್ಟೇ. ನನ್ನ ಗಂಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ನಾನು ಮನೆಯಲ್ಲೇ ಕುಬಸ ಹೊಲಿಯುತ್ತಿದ್ದೆ. ಭಾನುವಾರ ಬೆಳಿಗ್ಗೆ ಚರ್ಚು, ಉಳಿದ ದಿನ ಹೊಲಿಗೆ ಯಂತ್ರ. ಗೋಡೆಯಾಚೆಯ ಮನೆಗೆ ಒಂದು ಮುಸ್ಲಿಂ ಕುಟುಂಬ ಬಾಡಿಗೆಗೆ ಬಂತು. ಗಂಡ ಸ್ಕೂಟರು, ಬೈಕು ರಿಪೇರಿ ಮಾಡುವ ಮೆಕ್ಯಾನಿಕ್, ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುತ್ತಿದ್ದರು. ಹೆಂಡತಿ ಬಂದ ವಾರದೊಳಗೇ ಗೋಡೆಯ ಮೇಲೆ ಗದ್ದ ಊರಿ ನನ್ನನ್ನು ವಿಚಾರಣೆ ಮಾಡಿದಳು.

“ಏನ್ರಿ, ತೊಗರಿಬ್ಯಾಳಿ ಎಲ್ಲಿ ತರ್ತೀರಿ ನೀವು?”

“ಮೂಲಿ ಅಂಗಡ್ಯಾಗ. ಯಾಕ್ರಿ?”

“ಅವ ಭಾಳ ತುಟ್ಟಿ ಕೊಡ್ತಾನ್ರಿ. ಅಮರಗೋಳಕ್ಕ ಹೋದ್ರ ಸೋವಿ ಸಿಗತೈತಿ. ಆದ್ರ ಅಲ್ಲೆ ಚಿಲ್ಲರ ಕೊಡಂಗಿಲ್ಲ, ಚೀಲಗಟ್ಲೆ ತಗೋಬೇಕು. ನಮ್ಮ ಮನಿಗೆ ಒಂದ ಚೀಲ ಭಾಳ ಆಗತೈತಿ. ಅರ್ಧಾ ನೀವು ಒಯ್ತಿದ್ರ ಹೋಗೂಣೇನ್ರಿ?”

ಹೊಸದಾಗಿ ಬಂದವಳು ನನ್ನ ಅಡುಗೆಮನೆಯ ಲೆಕ್ಕಕ್ಕೆ ಕೈ ಹಾಕುತ್ತಿದ್ದಾಳಲ್ಲ ಎಂದು ಮೊದಲು ಮೈ ಉರಿಯಿತು. ಆದರೆ ಮೂಲೆ ಅಂಗಡಿಯವರು ತುಟ್ಟಿ ಎಂಬುದು ನನಗೂ ಗೊತ್ತಿತ್ತು. ಸಂಬಳ ಬಂದ ದಿನ ತಂದ ಬೇಳೆ ತಿಂಗಳ ಕೊನೆ ಕಾಣುತ್ತಿರಲಿಲ್ಲ. “ಆತು ಆಪಾ, ಹೋಗೂಣು,” ಎಂದೆ. ಅವರಲ್ಲಿ ಅಕ್ಕನಿಗೆ ಆಪಾ ಎನ್ನುತ್ತಾರೆ. ಅವಳ ಮುಖ ಗಂಟಾಯಿತು.

“ನಾ ಯಾಕ ಆಪಾ? ನೀವ ನನಗಿಂತ ದೊಡ್ಡವರ ಇದ್ದೀರಿ. ನಾ ನಿಮಗ ಅಕ್ಕಾ ಅಂತೇನಿ.”

ಅಲ್ಲಿಂದ ಅವಳು ನನ್ನನ್ನು ಅಕ್ಕಾ ಎಂದಳು, ನಾನು ದೊಡ್ಡವಳಾಗಲು ಒಪ್ಪದೆ ಅವಳನ್ನು ಆಪಾ ಎಂದೇ ಕರೆದೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಆಧಾರ್ ಕಾರ್ಡು ತಂದು ತೋರಿಸು ಎಂದರೆ ಅದರಲ್ಲಿ ತಪ್ಪು ಬಿದ್ದಿದೆ ಎನ್ನುತ್ತಿದ್ದಳು. ನಾನೂ ಹಾಗೇ ಹೇಳುತ್ತಿದ್ದೆ ಎನ್ನಿ.

ಅಮರಗೋಳದ ಸಗಟು ಮಾರುಕಟ್ಟೆಗೆ ಅವಳ ಗಂಡ ಯಾರದೋ ಟಂಟಂ ಗಾಡಿ ಕೇಳಿ ತಂದು ಕರೆದುಕೊಂಡು ಹೋದರು. ನಾವಿಬ್ಬರೂ ಹಿಂದೆ ಖಾಲಿ ಗೋಣಿಚೀಲಗಳ ಮೇಲೆ ಕೂತಿದ್ದೆವು. ಒಳಗೆ ಹೋದರೆ ಎಲ್ಲಿ ನೋಡಿದರೂ ಲಾರಿ, ಹಮಾಲರು, ಮೆಣಸಿನಕಾಯಿಯ ಘಾಟು, ಬೆಲ್ಲದ ವಾಸನೆ. ನಮ್ಮಂಥ ಹೆಂಗಸರತ್ತ ಯಾರೂ ತಿರುಗಿ ನೋಡಲಿಲ್ಲ. ಒಂದು ಅಂಗಡಿಯ ಸಾಹುಕಾರರು ಮಾತ್ರ ಗಾದಿಯ ಮೇಲೆ ಕೂತಲ್ಲಿಂದಲೇ “ಎಷ್ಟ ಮನಿಗೆ ಬೇಕ್ರಿ?” ಎಂದು ಕೇಳಿದರು. ಕಿಲೋ ಅಲ್ಲ, ಚೀಲ ಅಲ್ಲ, ಎಷ್ಟು ಮನೆಗೆ ಎಂದು. ಮದುವೆಗೋ ಹಬ್ಬಕ್ಕೋ ನಾಲ್ಕಾರು ಮನೆಯವರು ಕೂಡಿ ಬರುವುದು ಅವರಿಗೆ ರೂಢಿಯಿರಬೇಕು. “ಎರಡ ಮನಿಗೆ,” ಎಂದಳು ಆಪಾ, ಎದೆ ಸೆಟೆಸಿ. ಅಂದಿನಿಂದ ಆ ಅಂಗಡಿಯಲ್ಲಿ ನಮ್ಮ ಹೆಸರೇ ಅದಾಯಿತು. “ಎರಡ ಮನಿಯವರು ಬಂದ್ರ ನೋಡ್ರಿ,” ಎಂದು ಸಾಹುಕಾರರು ಒಳಗೆ ಕೂಗುತ್ತಿದ್ದರು. ಬೇಳೆ, ಅಕ್ಕಿ, ಜೋಳ, ಸಕ್ಕರೆ, ಬೆಲ್ಲದ ಪೆಂಟಿ, ಎಣ್ಣೆಯ ಡಬ್ಬಿ, ಎಲ್ಲವೂ ಎರಡು ಮನೆಗೆ.

ತರುವುದೇನೋ ತಂದೆವು, ಪಾಲು ಮಾಡುವುದು ಹೇಗೆ? ಮೊದಲ ಸಲ ನಾವು ಮಾಡಿದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನೇರ ಮೂಲೆ ಅಂಗಡಿಗೆ ಹೋಗಿ ತಕ್ಕಡಿ ಕೇಳಿದೆವು. ಆ ಅಂಗಡಿಯವರಿಗೆ ಇಡೀ ಓಣಿ ಕಾಕಾ ಎನ್ನುತ್ತಿತ್ತು. ಪಾಪ, ಕಾಕಾ ಏನೂ ಕೇಳದೆ ತಕ್ಕಡಿ, ಕಲ್ಲು ಎಲ್ಲ ಕೊಟ್ಟರು. ಸಂಜೆ ವಾಪಸು ಕೊಡಲು ಹೋದಾಗ ತಕ್ಕಡಿಯ ತಟ್ಟೆಯಲ್ಲಿ ನಾಲ್ಕು ತೊಗರಿಬೇಳೆ ಅಂಟಿಕೊಂಡಿದ್ದವು. ಕಾಕಾ ಒಂದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದರು.

“ಇದು ನಮ್ಮ ಅಂಗಡಿ ಬ್ಯಾಳಿ ಅಲ್ಲಲ್ಲ?”

ನಾನು ನೆಲ ನೋಡಿದೆ. ಆಪಾ ಆಕಾಶ ನೋಡಿದಳು.

“ಭೇಷ್ ಆತ್ರಿ ಬಾಯಾರ. ಮಾಲು ಅಮರಗೋಳದ್ದು, ತಕ್ಕಡಿ ನಂದು. ಹಂಗ ಮ್ಯಾಲ ಕೂತು ತೂಗಿಕೊಡಾಕ ನನ್ನೂ ಕರೀಬೇಕಿತ್ತಿಲ್ಲೋ!”

ಮತ್ತೆ ತಕ್ಕಡಿ ಕೇಳುವ ಮುಖ ನಮಗೆ ಉಳಿಯಲಿಲ್ಲ. ಸಣ್ಣಪುಟ್ಟ ಸಾಮಾನಿಗೆ ಕಾಕಾನ ಅಂಗಡಿಗೆ ಹೋಗುವಾಗಲೂ ಎಷ್ಟೋ ದಿನ ತಲೆ ತಗ್ಗಿಸಿಕೊಂಡೇ ಹೋದೆ. ಸ್ವಂತ ತಕ್ಕಡಿ ಕೊಳ್ಳೋಣವೆಂದರೆ, ಉಳಿಸಲು ಹೊರಟವರು ಅದಕ್ಕೆ ದುಡ್ಡು ಸುರಿಯುವುದೇ? ಕಡೆಗೆ ನಾವೇ ಒಂದು ಕಾಯಿದೆ ಮಾಡಿಕೊಂಡೆವು. ಕಣ್ಣಳತೆಯಲ್ಲಿ ಒಬ್ಬಳು ಪಾಲು ಹಾಕಬೇಕು, ಇನ್ನೊಬ್ಬಳು ಆರಿಸಬೇಕು. ಆರಿಸುವವಳು ಮುಟ್ಟಬಾರದು, ಎತ್ತಿ ನೋಡಬಾರದು, ದೂರ ನಿಂತು ಬೆರಳು ತೋರಿಸಬೇಕು. ಆರಿಸಿದ ಮೇಲೆ ತಕರಾರು ತೆಗೆಯುವಂತಿಲ್ಲ. ಮುಂದಿನ ಸಲ ಪಾಳಿ ಅದಲುಬದಲು.

ಬೇರೆಯವರಾಗಿದ್ದರೆ ಆರಿಸುವವಳು ದೊಡ್ಡ ರಾಶಿಗೆ ಬೆರಳು ತೋರಿಸುತ್ತಿದ್ದಳು, ಹಾಗಾಗಿ ಹಾಕುವವಳು ಸರಿಸಮ ಹಾಕುತ್ತಿದ್ದಳು. ನಮ್ಮಲ್ಲಿ ಆದದ್ದೇ ಬೇರೆ. ಮೊದಲ ಸಲ ನಾನು ಪಾಲು ಹಾಕಿದಾಗ ಆಪಾ ಸಣ್ಣದಾಗಿ ಕಂಡ ರಾಶಿಯನ್ನು ತೋರಿಸಿದಳು. ನನಗೆ ಅವಮಾನವಾದಂತಾಯಿತು. ನನಗೇನು ಕಡಿಮೆ ಬಿದ್ದಿದೆ ಎಂದು ಇವಳು ದಾನ ಮಾಡುತ್ತಿದ್ದಾಳೆ? ಮುಂದಿನ ಸಲ ನಾನೂ ಸಣ್ಣದನ್ನೇ ತೋರಿಸಿದೆ. ಆಮೇಲೆ ಶುರುವಾಯಿತು ನೋಡಿ ಯುದ್ಧ. ಇಬ್ಬರೂ ಸಣ್ಣದನ್ನೇ ಆರಿಸುವವರು ಎಂದು ಇಬ್ಬರಿಗೂ ಗೊತ್ತಾದ ಮೇಲೆ, ಪಾಲು ಹಾಕುವವಳು ದೊಡ್ಡ ಪಾಲನ್ನು ಸಣ್ಣದಾಗಿ ಕಾಣಿಸುವ ಕಸುಬು ಕಲಿಯಬೇಕಾಯಿತು.

ಆ ಕಸುಬಿನಲ್ಲಿ ಅವಳನ್ನು ಮೀರಿಸುವುದು ನನ್ನಿಂದ ಆಗಲಿಲ್ಲ. ಅಕ್ಕಿಯ ಒಂದು ಪಾಲನ್ನು ಅಗಲವಾದ ಪರಾತದಲ್ಲಿ, ಇನ್ನೊಂದನ್ನು ಕಿರಿದಾದ ಕೊಡದಲ್ಲಿ ಹಾಕುತ್ತಿದ್ದಳು. ಪರಾತದ್ದು ತೆಳ್ಳಗೆ ಹರಡಿ ಬಡಪಾಯಿಯಾಗಿ ಕಾಣುತ್ತಿತ್ತು, ನಾನು ಅದಕ್ಕೆ ಬೆರಳು ತೋರಿಸುತ್ತಿದ್ದೆ. ಮನೆಗೆ ತಂದು ನನ್ನ ಡಬ್ಬಿಗೆ ಸುರುವಿದರೆ ಉಕ್ಕಿ ಹೊರಗೆ ಚೆಲ್ಲುತ್ತಿತ್ತು. ಅದನ್ನು ಕಂಡುಹಿಡಿದ ಮೇಲೆ ಪಾತ್ರೆ ಬೇಡ, ನೆಲದ ಮೇಲೇ ರಾಶಿ ಹಾಕು ಎಂದು ಹಟ ಹಿಡಿದೆ. ಸರಿ, ಪಡಸಾಲೆಯಲ್ಲಿ ಚಾದರ ಹಾಸಿ ಅದರ ಮೇಲೆ ರಾಶಿ ಹಾಕತೊಡಗಿದಳು. ನಾನು ನೆಮ್ಮದಿಯಾಗಿ ಸಣ್ಣ ರಾಶಿ ಆರಿಸಿದೆ. ಹೀಗೇ ಎಷ್ಟೋ ಸಂತೆ ನಡೆಯಿತು. ಒಂದು ದಿನ ಅವಳಿಗೆ ಜ್ವರ ಬಂದು ಅವಳ ಮನೆ ನಾನು ಗುಡಿಸುವಾಗ ಗೊತ್ತಾಯಿತು, ಆ ಪಡಸಾಲೆಯ ಒಂದು ಶಹಾಬಾದ್ ಕಲ್ಲು ಕುಸಿದು ಬುಟ್ಟಿಯಷ್ಟು ತಗ್ಗು ಬಿದ್ದಿತ್ತು. ನನ್ನ ‘ಸಣ್ಣ’ ರಾಶಿ ಯಾವಾಗಲೂ ಆ ತಗ್ಗಿನ ಮೇಲೇ ಇರುತ್ತಿತ್ತು.

ಕಸಬರಿಗೆ ಹಿಡಿದುಕೊಂಡೇ ಅವಳ ಹಾಸಿಗೆಯ ಹತ್ತಿರ ಹೋಗಿ ಜಗಳ ತೆಗೆದೆ. “ಇಷ್ಟ ದಿನ ನನ್ನ ಮೋಸ ಮಾಡಿದಿ ನೀ!”

ಜ್ವರದಲ್ಲೂ ನಕ್ಕಳು. “ಆರಿಸಿದಾಕಿ ಯಾರು?”

ಅದೊಂದು ಮಾತು ಅವಳ ಬತ್ತಳಿಕೆಯಲ್ಲಿ ಸದಾ ಸಿದ್ಧವಿರುತ್ತಿತ್ತು. ನಾನು ಯಾವ ತಕರಾರು ತೆಗೆದರೂ “ಆರಿಸಿದಾಕಿ ಯಾರು?” ಕಾಯಿದೆ ಕಾಯಿದೆಯೇ, ನನ್ನ ಬಾಯಿ ಕಟ್ಟುತ್ತಿತ್ತು. ಆ ಹೊತ್ತಿಗೆ ನಮ್ಮ ನಡುವಿನ ‘ರಿ’ ಯಾವಾಗ ಬಿದ್ದುಹೋಗಿತ್ತೋ ಗೊತ್ತಿಲ್ಲ. ಬರ್ರಿ, ಹೋಗ್ರಿ ಎನ್ನುತ್ತಿದ್ದವರು ಬಾ, ಹೋಗು ಎನ್ನತೊಡಗಿದ್ದೆವು.

ಎಷ್ಟು ಪಾಲು ಮಾಡಿದರೂ ಕೊನೆಗೆ ಒಂದು ಹಿಡಿ ಉಳಿಯುತ್ತಿತ್ತು. ಚಾದರದ ಮಡಿಕೆಯಲ್ಲಿ, ಚೀಲದ ಮೂಲೆಯಲ್ಲಿ. ಅದು ನಿನಗಿರಲಿ ಎಂದರೆ ಅವಳು ಒಲ್ಲೆ, ನನಗೆ ಎಂದರೆ ನಾನು ಒಲ್ಲೆ. ಒಂದು ಸಲ ಬೆಲ್ಲದ ಚೂರು ಹಿಡಿದುಕೊಂಡು ಹಿತ್ತಲಿನಲ್ಲಿ ಇಬ್ಬರೂ ನಿನಗೆ, ನಿನಗೆ ಎಂದು ಕಿತ್ತಾಡುತ್ತಿದ್ದಾಗ ಆಪಾ ಬೇಸತ್ತು ಅದನ್ನು ನಡುವಿನ ಮೋಟುಗೋಡೆಯ ಮೇಲೆ ಇಟ್ಟುಬಿಟ್ಟಳು. “ತಗೋ, ಇದು ಗ್ವಾಡಿ ಪಾಲು. ಗ್ವಾಡಿ ಏನ ಉಪವಾಸ ಇರಬೇಕೇನು?”

ಗೋಡೆಗೆ ನಮ್ಮ ಕಡೆ ಗ್ವಾಡಿ ಎನ್ನುತ್ತಾರೆ. ಅಂದಿನಿಂದ ನಮ್ಮ ಸಂತೆಯಲ್ಲಿ ಮೂವರು ಪಾಲುದಾರರಾದರು. ನಾನೊಂದು ಹಳೆಯ ಬಿಸ್ಕಿಟ್ ಡಬ್ಬಿ ಕೊಟ್ಟೆ. ಅವಳು ಅದರ ಮುಚ್ಚಳದ ಮೇಲೆ ಇಡಲು ಅಳಿಲು ಎತ್ತಲಾರದಂಥ ಒಂದು ಕಲ್ಲು ತಂದಳು. ಉಳಿದ ಹಿಡಿ ಶೇಂಗಾ, ಹಿಡಿ ಬೇಳೆ, ಮುರಿದ ಬೆಲ್ಲ ಸಣ್ಣ ಸಣ್ಣ ಪೊಟ್ಟಣವಾಗಿ ಅದರೊಳಗೆ ಹೋಗುತ್ತಿತ್ತು. ಯಾರ ಮನೆಯಲ್ಲಿ ಏನು ತೀರಿತೋ ಅವರು ಕೇಳದೆ ತೆಗೆದುಕೊಳ್ಳುವುದು. ನನ್ನ ಗಂಡನಿಗೆ ಚಹಾಕ್ಕೆ ಸಕ್ಕರೆ ಇಲ್ಲದ ಬೆಳಗುಗಳಲ್ಲಿ ಗೋಡೆ ನನ್ನ ಮಾನ ಉಳಿಸಿದೆ. ರಂಜಾನ್ ಬಂದಾಗ ಗೋಡೆಯ ಗೋಡಂಬಿ, ದ್ರಾಕ್ಷಿ ಎಲ್ಲ ಅವಳ ಸುರಕುಂಬಾ ಪಾಯಸಕ್ಕೆ. ಕ್ರಿಸ್ಮಸ್ ಬಂದಾಗ ಗೋಡೆಯ ಬೆಲ್ಲ, ಕೊಬ್ಬರಿ ನನ್ನ ಕರ್ಚಿಕಾಯಿಗೆ. ಸುರಕುಂಬಾದ ಪಾತ್ರೆಯೂ ಕರ್ಚಿಕಾಯಿಯ ತಾಟೂ ಮತ್ತೆ ಅದೇ ಗೋಡೆ ದಾಟಿ ಹೋಗುತ್ತಿದ್ದವು. ಎಲ್ಲ ಕೂಡಿ ತಿಂದದ್ದೇ ಆಯಿತಲ್ಲ, ಇದರಲ್ಲಿ ಉಳಿತಾಯ ಎಲ್ಲಿ ಬಂತು ಎಂದು ನನ್ನ ಗಂಡ ಕಾಡಿಸುತ್ತಿದ್ದರು.

ಉಳಿತಾಯ ಖರೇ ಆಗಿತ್ತು. ನನ್ನದು ಮಗಳ ಕಾಲೇಜಿಗೆ ಹೋಯಿತು. ಅವಳದು ಗಂಡನ ಸ್ವಂತ ಗ್ಯಾರೇಜಿಗೆ ಎಂದು ಬೇರೆ ಎತ್ತಿಟ್ಟಿದ್ದಳು. ಇನ್ನೊಬ್ಬರ ಕೈ ಕೆಳಗೆ ಎಷ್ಟು ದಿನ ಎಂದು ಇಬ್ಬರೂ ಗೋಡೆಗೆ ಆತುಕೊಂಡು ಮಾತಾಡುತ್ತಿದ್ದೆವು. ಅವರಿಗೆ ಧಾರವಾಡದ ಕಡೆ ಲಕಮನಹಳ್ಳಿಯಲ್ಲಿ, ಕಾರ್ಖಾನೆಗಳ ಹತ್ತಿರ ಒಂದು ಜಾಗ ಸಿಕ್ಕಿದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಕೆಲಸಕ್ಕೆ ಬರುವವರ ಬೈಕುಗಳು ಲೆಕ್ಕವಿಲ್ಲದಷ್ಟು, ಗ್ಯಾರೇಜು ಚೆನ್ನಾಗಿ ನಡೆಯುತ್ತದೆ ಎಂದರು. ಗ್ಯಾರೇಜು ಅಲ್ಲಾದರೆ ಮನೆಯೂ ಅಲ್ಲೇ ಆಗಬೇಕು ಎಂಬುದು ನನ್ನ ತಲೆಗೆ ಹೊಳೆದದ್ದು ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಾಗ. ಆ ಚೀಲಗಳೂ ನಾವು ಅಮರಗೋಳದಿಂದ ತಂದವೇ. ಇಬ್ಬರೂ ಕೂಡಿ ಉಳಿಸಿದ ದುಡ್ಡೇ ಅವಳನ್ನು ನನ್ನಿಂದ ದೂರ ಒಯ್ಯುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಲಿ?

ಹೋಗುವ ದಿನ ಬಿಸ್ಕಿಟ್ ಡಬ್ಬಿಯನ್ನು ಅವಳ ಕೈಗೆ ಕೊಡಲು ಹೋದೆ.

“ಬ್ಯಾಡ. ಅದು ಗ್ವಾಡಿದು. ನನ್ನದಲ್ಲ, ನಿನ್ನದೂ ಅಲ್ಲ,” ಎಂದು ಮತ್ತೆ ಅಲ್ಲೇ ಇಟ್ಟು, ಮೇಲೆ ಕಲ್ಲು ಹೇರಿದಳು. “ಲಕಮನಹಳ್ಳಿ ಏನ ಅಮೇರಿಕಾದಾಗೈತೇನು? ಸಂತಿಗೆ ಕೂಡೇ ಹೋಗೂಣು.”

ಕೂಡೇ ಹೋಗುವುದು ಆಗಲಿಲ್ಲ. ಒಂದು ಸಲ ಅವಳ ಮಗನ ಪರೀಕ್ಷೆ, ಇನ್ನೊಂದು ಸಲ ನನ್ನ ಸೊಂಟನೋವು, ಮತ್ತೊಂದು ಸಲ ಟಂಟಂ ಸಿಗಲಿಲ್ಲ. ಮೊದಮೊದಲು ದಿನಾ ಫೋನು ಮಾಡುತ್ತಿದ್ದಳು. “ಸಕ್ಕರಿ ಹೆಂಗ ಐತಿ ಅಲ್ಲೆ? ಇಲ್ಲೆ ಇಳದೈತಿ ನೋಡು.” “ಎಣ್ಣಿ ತಗೋಬ್ಯಾಡ ಈಗ, ತಡಿ.” ದರಗಳ ಮಾತು ಮುಗಿಯುವಷ್ಟರಲ್ಲಿ ಉಳಿದ ಮಾತುಗಳೂ ಬರುತ್ತಿದ್ದವು. ಆಮೇಲೆ ಗ್ಯಾರೇಜಿನಲ್ಲಿ ಕೆಲಸ ಹೆಚ್ಚಾಯಿತು, ಅವಳ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು. ಫೋನು ವಾರಕ್ಕಾಯಿತು, ಹಬ್ಬಕ್ಕಾಯಿತು. ದರದ ಮಾತು ನಿಂತಿತು. ಅದು ನಿಂತ ಮೇಲೆ ಬೇರೆ ಏನು ಮಾತಾಡಬೇಕೆಂದು ನನಗೂ ತಿಳಿಯದೆ “ಮತ್ತ? ಆರಾಮ?” ಎಂದು ಕೇಳಿ ಫೋನು ಇಡುತ್ತಿದ್ದೆ.

ಆಗ ಒಂದು ಹುಳ ತಲೆಗೆ ಹೊಕ್ಕಿತು. ಅವಳು ನನ್ನ ಹತ್ತಿರ ಬಂದದ್ದು ಅರ್ಧ ಚೀಲ ಬೇಳೆಗಾಗಿ. ಈಗ ಅವಳಿಗೆ ಇಡೀ ಚೀಲ ಕೊಳ್ಳುವ ತಾಕತ್ತಿದೆ. ಹಾಗಾದರೆ ನನ್ನ ಅಗತ್ಯವೇನು? ನಮ್ಮಿಬ್ಬರ ನಡುವೆ ಇದ್ದದ್ದು ಬೇಳೆ ಬೆಲ್ಲ ಅಷ್ಟೇ ಏನು? ಇದನ್ನು ಯಾರ ಹತ್ತಿರ ಕೇಳುವುದು? ಗಂಡನ ಮುಂದೆ ಹೇಳಿದರೆ, “ಹುಚ್ಚಿ, ಫೋನ್ ಮಾಡಿ ಆಕಿನ್ನ ಕೇಳು,” ಎಂದರು. ಕೇಳಬಹುದಿತ್ತು. ಹೌದು ಎಂದುಬಿಟ್ಟರೆ ಎಂದು ಹೆದರಿಕೆಯಾಗುತ್ತಿತ್ತು.

ಅವಳ ಮನೆಗೆ ಹೊಸ ಗಂಡ ಹೆಂಡತಿ ಬಾಡಿಗೆಗೆ ಬಂದರು. ಒಳ್ಳೆಯ ಮಕ್ಕಳು, ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಅವರ ಸಾಮಾನು ಫೋನಿನಲ್ಲೇ ಬರುತ್ತದೆ, ಬೈಕಿನ ಮೇಲೆ, ಕಾಗದದ ಚೀಲದಲ್ಲಿ, ಅಂಗೈಯಗಲದ ಪಾಕೀಟುಗಳು. ಒಂದು ದಿನ ನಾನು ಗೋಡೆಯ ಮೇಲಿಂದ ಬಾಗಿ, “ಬ್ಯಾಳಿ ಕೂಡೇ ತರೂಣೇನವಾ?” ಎಂದು ಆ ಹೆಣ್ಣುಮಗಳನ್ನು ಕೇಳಿಯೂ ನೋಡಿದೆ. “ಅಯ್ಯ ಬ್ಯಾಡ್ರಿ ಆಂಟಿ, ನಾವು ಮನ್ಯಾಗ ಉಣ್ಣೋದ ಅಪರೂಪ,” ಎಂದು ನಕ್ಕಳು. ಈಗ ಅವರು ಗೋಡೆಯ ಮೇಲೆ ಬೂಟು ಒಣಹಾಕುತ್ತಾರೆ. ಡಬ್ಬಿಯನ್ನು ನಾನು ಸ್ವಲ್ಪ ನನ್ನ ಕಡೆಗೆ ಸರಿಸಿಕೊಂಡೆ. ಡಬ್ಬಿಯಲ್ಲಿ ಹಾಕುವವಳೂ ನಾನೇ, ತೆಗೆಯುವವಳೂ ನಾನೇ. ಹಾಗೆ ತೆಗೆದ ಬೆಲ್ಲ ನಾಲಿಗೆಗೆ ಹತ್ತುತ್ತಿರಲಿಲ್ಲ.

ಕಳೆದ ಬೇಸಿಗೆಯ ಮೊದಲಿಗೆ ಖಾರದಪುಡಿಯ ಹೊತ್ತು ಬಂತು. ವರ್ಷದ ಮೆಣಸಿನಕಾಯಿ ಕೊಂಡು, ಒಣಗಿಸಿ, ತೊಟ್ಟು ಮುರಿದು ಗಿರಣಿಗೆ ಹಾಕಿಸುವುದು ನಮ್ಮಲ್ಲಿ ಬಿಡಲಾಗದ ಕೆಲಸ. ಎಂಥ ದೊಡ್ಡ ಅಂಗಡಿಯ ಪಾಕೀಟಿನ ಪುಡಿಯೂ ನನ್ನ ಸಾರಿಗೆ ನಡೆಯುವುದಿಲ್ಲ. ಒಬ್ಬಳೇ ಆಟೋ ಹಿಡಿದು ಅಮರಗೋಳಕ್ಕೆ ಹೋದೆ. ಸಾಹುಕಾರರಿಗೆ ವಯಸ್ಸಾಗಿದೆ, ಕನ್ನಡಕ ದಪ್ಪವಾಗಿದೆ. ಆದರೂ ಗುರುತು ಹಿಡಿದರು.

“ಬರ್ರಿ ಬರ್ರಿ. ಬ್ಯಾಡಗಿ ಮಾಲು ಈ ಸಲ ಛಲೋ ಬಂದೈತಿ. ಎರಡ ಮನಿಗೆ ಹೌದಲ್ರಿ?”

“ಹೌದ್ರಿ,” ಎಂದೆ.

ಯೋಚಿಸಿ ಹೇಳಿದ್ದಲ್ಲ. ಆ ಗಾದಿಯ ಮುಂದೆ ನಿಂತರೆ ನನ್ನ ಬಾಯಿಗೆ ಬೇರೆ ಉತ್ತರ ಗೊತ್ತಿಲ್ಲ. ಹಮಾಲ ಚೀಲ ಹೊಲಿದು ಆಟೋಕ್ಕೆ ಏರಿಸಿದ ಮೇಲೆಯೇ ನನಗೆ ತಪ್ಪು ಗೊತ್ತಾದದ್ದು. ಇಷ್ಟು ಮೆಣಸಿನಕಾಯಿ ನಾವಿಬ್ಬರು ಗಂಡ ಹೆಂಡತಿ ಎಷ್ಟು ವರ್ಷ ತಿನ್ನಬೇಕು? ವಾಪಸು ಕೊಡಬಹುದಿತ್ತು, ಸಾಹುಕಾರರು ಇಲ್ಲ ಎನ್ನುತ್ತಿರಲಿಲ್ಲ. ಆದರೆ ಎರಡು ಮನೆಗಲ್ಲ, ಒಂದೇ ಮನೆಗೆ ಎಂದು ಅವರಿಗೆ ಹೇಳಬೇಕಾಗುತ್ತಿತ್ತು. ಆಟೋದವನಿಗೆ, “ಮನಿಗೆ ಬ್ಯಾಡ. ಲಕಮನಹಳ್ಳಿಗೆ ನಡಿ,” ಎಂದೆ. ಬಾಡಿಗೆ ಕೇಳಿದ ಮೇಲೆ, ಸೋವಿ ಮೆಣಸಿನಕಾಯಿಯಲ್ಲಿ ಉಳಿದದ್ದೆಲ್ಲ ಆಟೋಕ್ಕೇ ಹೋಯಿತು ಎಂದು ಗೊತ್ತಾಯಿತು. ದಾರಿಯುದ್ದಕ್ಕೂ ಸೀನುತ್ತ ಹೋದೆವು, ಆಟೋದವನೂ ನಾನೂ.

ಆಪಾನ ಮನೆ ಒಂಟಿಮನೆ. ಸುತ್ತ ತಲೆಗಿಂತ ಎತ್ತರದ ಕಾಂಪೌಂಡು. ಅದರ ಮೇಲೆ ಯಾರೂ ಗದ್ದ ಊರಲಾರರು. ಬಾಗಿಲು ತೆರೆದವಳು ನನ್ನನ್ನೂ ಚೀಲವನ್ನೂ ನೋಡಿ, “ಅರೆ ಅಕ್ಕಾ!” ಎಂದು ಕೂಗಿ ಕೈ ಹಿಡಿದು ಒಳಗೆ ಎಳೆದುಕೊಂಡಳು. ಸ್ವಲ್ಪ ದಪ್ಪಗಾಗಿದ್ದಳು. ನಾನು ನೂರು ಮಾತು ಕಟ್ಟಿಕೊಂಡು ಹೋಗಿದ್ದೆ. “ಮೆಣಸಿನಕಾಯಿ ಸೋವಿ ಇತ್ತು, ತಂದೆ,” ಎಂದಷ್ಟೇ ಬಾಯಿಗೆ ಬಂತು.

ಅಡುಗೆಮನೆಯಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದಳು. ಎದುರುಮನೆಯವಳು, ನನ್ನ ಮಗಳ ವಯಸ್ಸಿನವಳು. ಅವಳ ಮುಂದೆ ಒಂದು ಎಣ್ಣೆಯ ಡಬ್ಬಿ, ಎರಡು ಕ್ಯಾನು, ಅಂಕಿ ಹೊಳೆಯುವ, ತೂಗುವ ಪುಟ್ಟ ವಿದ್ಯುತ್ ಕಾಟಾ. ಅವಳು ಎಣ್ಣೆ ಸುರುವುತ್ತ ಅಂಕಿ ನೋಡುತ್ತ, ಹನಿ ಹೆಚ್ಚಾದರೆ ಚಮಚದಿಂದ ತೆಗೆಯುತ್ತ, ಫೋನಿನಲ್ಲಿ ಭಾಗಾಕಾರ ಮಾಡುತ್ತಿದ್ದಳು.

“ಇಕಿನೂ ನಾನೂ ಈಗ ಕೂಡೇ ತರ್ತೇವಿ,” ಎಂದಳು ಆಪಾ, ಹೆಮ್ಮೆಯಿಂದ. “ನಾನ ಕಲಿಸೇನಿ ಇಕಿಗೆ.”

ನನ್ನ ಎದೆಗೆ ಯಾರೋ ಒನಕೆಯಿಂದ ಕುಟ್ಟಿದಂತಾಯಿತು. ಹೊಟ್ಟೆಕಿಚ್ಚು ಎನ್ನುವುದಕ್ಕೆ ಬೇರೆ ಹೆಸರು ಇಡುವುದು ಬೇಡ, ಹೊಟ್ಟೆಕಿಚ್ಚೇ ಅದು. ನಾನು ಕಪಾಟಿನ ಬಲಗಡೆ ಸಾಬೂನು ಕೂಡಿಹಾಕುತ್ತ ಕೂತಿರುವಾಗ ಇವಳು ಇಲ್ಲಿ ಇನ್ನೊಬ್ಬಳ ಜೊತೆ ಎರಡು ಮನೆ ಮಾಡಿದ್ದಾಳೆ. ತಲೆಯೊಳಗಿನ ಹುಳ ಹೇಳಿದ್ದೇ ಖರೇ ಆಯಿತಲ್ಲ ಎನಿಸಿತು. ಮೆಣಸಿನಕಾಯಿ ಇಲ್ಲೇ ಇಳಿಸಿ, ಚಹಾ ಕೂಡ ಕುಡಿಯದೆ ಹೊರಟುಬಿಡಬೇಕು ಎಂದುಕೊಂಡೆ.

ಆಪಾ ಆಗಲೇ ಚೀಲದ ಹೊಲಿಗೆ ಬಿಚ್ಚುತ್ತಿದ್ದಳು. ಹುಡುಗಿ ಎಣ್ಣೆಯ ಕ್ಯಾನು ಬದಿಗಿಟ್ಟು ಕಾಟಾವನ್ನು ಒರೆಸಿ ನಮ್ಮತ್ತ ಸರಿಸಿದಳು. “ತಗೋರಿ ಆಂಟಿ, ಇದರಾಗ ತೂಗ್ರಿ. ಬರೋಬ್ಬರಿ ಅರ್ಧಾ ಅರ್ಧಾ ಆಗತೈತಿ.”

ಆಪಾ ಕಾಟಾವನ್ನು ಎತ್ತಿದಳು. ಎತ್ತಿ, ತಿರುಗಿ, ಮೇಲಿನ ಹಲಗೆಯ ಮೇಲೆ ಇಟ್ಟುಬಿಟ್ಟಳು.

“ಅದು ನಿಂದು ನಂದು ಸಲುವಾಗಿ, ಬೇಟಿ. ಈ ಅಕ್ಕನ ಜೋಡಿ ಕಾಟಾ ನಡ್ಯಂಗಿಲ್ಲ.” ನನ್ನ ಕಡೆ ನೋಡಿ, “ಏ, ಆ ಕಡೆ ಮಾರಿ ಮಾಡಿ ನಿಂದರು. ಪಾಲು ಹಾಕಾಕಿ ನಾನು, ಆರಿಸಾಕಿ ನೀನು. ಮುಟ್ಟಂಗಿಲ್ಲ,” ಎಂದಳು.

ನಾನು ಬಾಗಿಲ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಮೆಣಸಿನಕಾಯಿ ಸುರಿಯುವ ಸಪ್ಪಳ, ಚೀಲ ಕೊಡವುವ ಸಪ್ಪಳ, ಹುಡುಗಿ ಸೀನುವ ಸಪ್ಪಳ. ಆಪಾ ಏನೋ ಗೊಣಗುತ್ತಿದ್ದಳು. ಆ ಗೊಣಗಾಟವನ್ನು ಕೇಳಿ ಎಷ್ಟು ದಿನವಾಗಿತ್ತು! ತಿರುಗು ಎಂದಾಗ ತಿರುಗಿದೆ. ಎರಡು ಬಟ್ಟೆಚೀಲ. ಒಂದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು, ಮೇಲೆ ಮೆಣಸಿನಕಾಯಿ ಇಣುಕುತ್ತಿದ್ದವು. ಇನ್ನೊಂದು ಮುದುರಿಕೊಂಡು ಗಿಡ್ಡಗೆ ಕೂತಿತ್ತು. ನಾನು ಗಿಡ್ಡ ಚೀಲಕ್ಕೆ ಬೆರಳು ತೋರಿಸಿದೆ. ಹುಡುಗಿ ಬೆರಗಾಗಿ ನನ್ನನ್ನೇ ನೋಡಿದಳು. “ಆಂಟಿ, ಸಣ್ಣದು ತಗೊಂಡ್ರಲ್ರಿ!” ಆಪಾ ತುಟಿ ಕಚ್ಚಿಕೊಂಡು ಚೀಲದ ಬಾಯಿ ಕಟ್ಟಿದಳು.

ಚಾದರದ ಮೇಲೆ ಒಂದು ಹಿಡಿ ಉಳಿದಿತ್ತು. ಇಬ್ಬರೂ ಅದನ್ನೇ ನೋಡಿದೆವು. ಅಲ್ಲಿ ಯಾವ ಗೋಡೆಯ ಮೇಲೆ ಇಡುವುದು? ಆಪಾ ಅದನ್ನು ಹಳೆಯ ಕಾಗದದಲ್ಲಿ ಕಟ್ಟಿ ನನ್ನ ಪರ್ಸಿನೊಳಗೆ ತುರುಕಿದಳು.

“ಗ್ವಾಡಿ ನಿನ್ನ ಕಡೆ ಉಳದೈತಿ. ಹೋಗಿ ಅದಕ್ಕ ಹಾಕು.” ಆಮೇಲೆ ದನಿ ತಗ್ಗಿಸಿ, “ಡಬ್ಬಿ ಐತಿಲ್ಲೋ?” ಎಂದು ಕೇಳಿದಳು.

“ಐತಿ,” ಎಂದೆ. ಅವಳು ಚಹಾ ಇಡುತ್ತೇನೆ ಎಂದು ಒಲೆಯ ಕಡೆ ಹೋದಳು. ಚಹಾ ಕುಡಿದೆ, ಎರಡು ಕಪ್ಪು ಕುಡಿದೆ.

ಅವಳ ಗಂಡ ಬಂದು ಸ್ಕೂಟರಿನಲ್ಲಿ ನನ್ನನ್ನು ಬಸ್ಸಿನವರೆಗೆ ಬಿಟ್ಟರು. ಚೀಲ ಎತ್ತಿ ಬಸ್ಸು ಹತ್ತುವಾಗ ಯಾಕೋ ಭಾರ ಎನಿಸಿತು. ವಯಸ್ಸಾಯಿತು, ಇನ್ನು ಅಕ್ಕ ಎನಿಸಿಕೊಳ್ಳಲು ಒಪ್ಪಬೇಕು ಎಂದುಕೊಂಡೆ. ಮನೆಗೆ ಬಂದು, ಬಿಸಿಲು ಇನ್ನೂ ಇರುವಾಗಲೇ ಹರಡೋಣವೆಂದು ಹಿತ್ತಲಿನಲ್ಲಿ ಹಳೆಯ ಸೀರೆ ಹಾಸಿ ಚೀಲ ಬೋರಲು ಹಾಕಿದೆ. ಹೊಸ ಬ್ಯಾಡಗಿ ಮೆಣಸಿನಕಾಯಿ ಒತ್ತಿ ತುಂಬಿದರೆ ಮುರಿಯುವುದಿಲ್ಲ, ಅಡಗಿ ಕೂರುತ್ತದೆ. ಹೊರಗೆ ಬಂದ ಮೇಲೆ ಮೈ ಮುರಿದು ಏಳುತ್ತದೆ. ಚೀಲದಿಂದ ಬರುತ್ತಲೇ ಇತ್ತು, ಬರುತ್ತಲೇ ಇತ್ತು. ಸೀರೆ ಸಾಲಲಿಲ್ಲ, ಇನ್ನೊಂದು ಹಾಸಿದೆ. ಹಿತ್ತಲೆಲ್ಲ ಕೆಂಪಾಯಿತು. ಅವಳಿಗೆ ಉಳಿದಿರುವುದು ಆ ಉಬ್ಬಿದ ಚೀಲದಲ್ಲಿ ಬರಿಯ ಗಾಳಿ.

ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಫೋನು ಹಚ್ಚಿದೆ. ಒಂದೇ ಸಲಕ್ಕೆ ಎತ್ತಿದಳು, ಕೈಯಲ್ಲೇ ಹಿಡಿದುಕೊಂಡು ಕಾಯುತ್ತಿದ್ದಳು ಎಂದು ತೋರುತ್ತದೆ.

“ಆಪಾ, ಎಲ್ಲಾ ನನಗ ತುಂಬಿಕೊಟ್ಟಿಯಲ್ಲ! ನಿನ್ನ ಕಡೆ ಏನ ಉಳೀತು?”

ಆ ಕಡೆಯಿಂದ ನಗುವೂ ಅಳುವೂ ಕೂಡಿದ ಒಂದು ಸಪ್ಪಳ ಬಂತು.

“ಆರಿಸಿದಾಕಿ ಯಾರು?”

ಕಾಯಿದೆ ಅದು, ಆರಿಸಿದವಳು ತಕರಾರು ತೆಗೆಯುವಂತಿಲ್ಲ. ಪರ್ಸಿನಿಂದ ಕಾಗದದ ಪೊಟ್ಟಣ ತೆಗೆದು ಬಿಸ್ಕಿಟ್ ಡಬ್ಬಿಗೆ ಹಾಕಿದೆ. ಮುಚ್ಚಳ ಮುಚ್ಚಿ, ಮೇಲೆ ಕಲ್ಲಿಟ್ಟು, ಡಬ್ಬಿಯನ್ನು ಮತ್ತೆ ಗೋಡೆಯ ನಟ್ಟನಡುವಿಗೆ ಸರಿಸಿದೆ.